ನಾಲ್ಕನೇ ಪ್ಲಗ್ಗಿನ ಸದ್ದು

ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಸೌಟು ಹಿಡಿದಷ್ಟೇ ಸಲೀಸಾಗಿ ಪ್ಲಗ್ ಪಾನಾ ಹಿಡಿಯುವ ಹೆಂಗಸು. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಒಂದೇ ಮನೆ, ಒಂದೇ ಒಲೆ. ಅವಳನ್ನು ಹೊಗಳಬೇಕಾದ ಹಂಗೇನೂ ನನಗಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

ಭಾವ ಬಾಡಿಗೆಗೆ ವ್ಯಾನ್ ಓಡಿಸುತ್ತಿದ್ದರು. ಅದು ನನ್ನ ಮದುವೆಗೂ ಮುಂಚಿನ ಗಾಡಿ. ಅವರು ನಿದ್ದೆಯಲ್ಲೇ ತೀರಿಹೋದ ಮೇಲೆ ಅದು ಅಂಗಳ ಬಿಟ್ಟು ಕದಲಲಿಲ್ಲ. ಅಕ್ಕನಿಗೆ ಓಡಿಸಲು ಬಾರದು. ಆದರೆ ಗಂಡನ ಪಕ್ಕ ನಿಂತು ನಿಂತು ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿನ ಕೆಲಸ ಪೂರ್ತಿ ಕಲಿತಿದ್ದಳು. ವಾರಕ್ಕೊಮ್ಮೆ, ಇಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತುತ್ತಿದ್ದಳು. ಕಸ ಒಳಗೆ ಬೀಳದಿರಲಿ ಎಂದು ಮೊದಲು ಪ್ಲಗ್ಗಿನ ಸುತ್ತಲಿನ ಧೂಳು ಊದುವಳು. ವೈರನ್ನು ಎಳೆಯದೆ ಕ್ಯಾಪ್ ಹಿಡಿದೇ ಕೀಳುವಳು. ಬಿಚ್ಚಿದ ತುದಿ ತಿಳಿಕಂದು ಬಣ್ಣಕ್ಕಿದ್ದರೆ "ಆರೋಗ್ಯವಾಗಿದೆ" ಅನ್ನುವಳು. ಮಸಿ ಹಿಡಿದಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ, ಸಂದಿಗೆ ಗೇಜ್ ತೂರಿಸಿ ಅಳೆದು, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸುವಳು.

"ಮೊದಲೇ ಪಾನಾ ಹಾಕಿದ್ರೆ ಥ್ರೆಡ್ ಹಾಳಾಗುತ್ತೆ ಕಣೇ," ಎಂದು ನನಗೂ ಪಾಠ. ಯಾರು ಕೇಳಿದ್ದರು?

ಹೀಗೆ ಮೂರು ಪ್ಲಗ್ಗು. ನಾಲ್ಕನೆಯದನ್ನು ಮುಟ್ಟುತ್ತಿರಲಿಲ್ಲ.

ಅದಕ್ಕೆ ಎಣ್ಣೆ ಹತ್ತಿ ಕಿಡಿ ಒಮ್ಮೆ ಬಂದರೆ ಒಮ್ಮೆ ಇಲ್ಲ. ಹಾಗಾಗಿ ವ್ಯಾನ್ ಸ್ವಲ್ಪ ಹೊತ್ತು ನೆಟ್ಟಗೆ ಓಡಿ, ಒಮ್ಮೆ ಕುಂಟಿ, ಮತ್ತೆ ನೆಟ್ಟಗಾಗುತ್ತಿತ್ತು. ಭಾವ ಬೀದಿಯ ತಿರುವಿಗೆ ಬಂದರೆಂದು ನಾವು ತಟ್ಟೆ ಇಡುತ್ತಿದ್ದದ್ದೇ ಆ ಸದ್ದಿಗೆ. ಅವರು ಕೊನೆಯ ಸಲ ತಮ್ಮ ಕೈಯಾರೆ ಕೂರಿಸಿದ ಪ್ಲಗ್ ಅದು.

"ಅದನ್ನ ಉಜ್ಜಿದ್ರೆ ಅವರ ಸದ್ದು ಹೋಗುತ್ತೆ," ಅಂದಿದ್ದಳು ಅಕ್ಕ.

ಕೆಲಸ ಮುಗಿದ ಮೇಲೆ ಇಂಜಿನ್ ಚಾಲೂ ಮಾಡಿ, ಒಳಗೆ ಬಂದು ಬಾಗಿಲು ಮುಂದೆ ಮಾಡಿ, ಕಣ್ಣು ಮುಚ್ಚಿ ನಿಲ್ಲುವಳು. ಆಮೇಲೆ ಬಾಗಿಲು ತೆರೆದು, "ಬಂದ್ರಾ?" ಅನ್ನುವಳು.

ಅಯ್ಯೋ, ಹಾಡುಹಗಲೇ ನನ್ನ ಮೈ ಜುಮ್ಮೆನ್ನುತ್ತಿತ್ತು. "ಹೋದವರು ಹೋದ್ರು ಅಂತ ಒಂದು ಸಲ ಬಾಯಿಬಿಟ್ಟು ಹೇಳಕ್ಕ, ಆ ದರಿದ್ರ ಗಾಡಿ ಆಫ್ ಮಾಡು," ಎಂದು ರೇಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಒಂದು ಸಂಜೆ ಆ ಸದ್ದಿಗೆ ನಾನೇ ಭಾವನ ಲೋಟಕ್ಕೆ ನೀರು ಬಗ್ಗಿಸಿದ್ದೆ. ಅದನ್ನು ಚೆಲ್ಲಲು ಧೈರ್ಯ ಸಾಲದೆ ಮರುದಿನದವರೆಗೂ ಹಾಗೇ ಬಿಟ್ಟಿದ್ದೆ.

ಅಕ್ಕನ ಮಗ ಬೇರೆ ಊರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಈ ಸಲ ಅವನು ಬಂದಾಗ ಅಕ್ಕ ಕಣ್ಣು ತೋರಿಸಲು ಹೋಗಿದ್ದಳು, ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಪಾಪ, ಅಮ್ಮನಿಗೆ ಖುಷಿಯಾಗಲಿ ಎಂದು ನಾಲ್ಕನೇ ಪ್ಲಗ್ ಬಿಚ್ಚಿ ಹೊಸದು ಹಾಕಿಬಿಟ್ಟ. ಹಳೆಯದು ಕಲ್ಲಿನ ಮೇಲೆ ಬಿದ್ದು ಅದರ ಬಿಳಿ ಪಿಂಗಾಣಿ ಕವಚ ಒಡೆಯಿತು.

ಅಕ್ಕ ಮನೆಗೆ ಬಂದು ಒಳಕೋಣೆಯಲ್ಲಿ ಸೀರೆ ಬದಲಿಸುವಾಗ ಅವನು ಕೀಲಿ ತಿರುಗಿಸಿದ. ಇಂಜಿನ್ ಒಂದಿಷ್ಟೂ ತಡವರಿಸದೆ ಓಡಿತು.

"ಯಾರು ಬಂದಿದ್ದು?" ಎಂದು ಅಕ್ಕ ಒಳಗಿನಿಂದ ಕೇಳಿದಳು.

ನಾನು ಅಂಗಳಕ್ಕೆ ಓಡಿದೆ. "ಏನೋ ಮಾಡ್ದೆ, ಮುಠ್ಠಾಳ! ಅದು ನಿಮ್ಮಪ್ಪ ಹಾಕಿದ ಪ್ಲಗ್ಗು ಕಣೋ! ಆ ಸದ್ದಿನಲ್ಲೇ ಅವಳು ಬದುಕಿರೋದು!"

"ಇಂಜಿನ್ ಮಿಸ್ ಹೊಡೀತಿತ್ತು ಚಿಕ್ಕಮ್ಮ, ಅದಕ್ಕೇ..." ಅವನು ಇಂಜಿನ್ ಆಫ್ ಮಾಡಿ ಹೊಸದನ್ನು ಕಿತ್ತು, ಒಡೆದದ್ದನ್ನೇ ಮತ್ತೆ ಕೂರಿಸಿ, ಇಂಜಿನ್ ಚಾಲೂ ಮಾಡಿದ.

ಇಂಜಿನ್ ಕುಂಟಿತು. ಆದರೆ ಒಡೆದ ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲ. ಒಂದೇ ಸಮನೆ ಕುಂಟು, ನಡುವೆ ನೆಟ್ಟಗಾಗುವುದೇ ಇಲ್ಲ. ಅಕ್ಕ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟಳು.

"ಅವರಲ್ಲ," ಅಂದಳು. "ಯಾರೋ ಅವರ ಹಾಗೆ ಮಾಡ್ತಿದ್ದಾರೆ."

ಮಗ ಅವಳ ಕಾಲ ಬಳಿ ಕೂತ. "ಹೊಸದಕ್ಕೂ ಎಣ್ಣೆ ಹತ್ತುತ್ತೆ ಅಮ್ಮ, ಆಗ ಮತ್ತೆ ಹಾಗೇ ಸದ್ದು ಮಾಡುತ್ತೆ..."

ಅಕ್ಕ ಬೈಯಲಿಲ್ಲ. ಅವನ ತಲೆ ಸವರಿದಳು. ಸಾವಿನ ಸುದ್ದಿ ಈಗಷ್ಟೇ ಮುಟ್ಟಿದವಳ ಹಾಗೆ ನನ್ನ ಕಡೆ ತಿರುಗಿ, "ಹೋದ್ರು ಕಣೇ," ಅಂದಳು.

ಈ ಒಂದು ಮಾತನ್ನು ಅವಳ ಬಾಯಿಂದ ಹೊರಡಿಸಲು ಇಷ್ಟು ದಿನ ಗಂಟಲು ಹರಿದುಕೊಂಡವಳು ನಾನು. ಅವಳ ಎರಡೂ ಕೈ ಹಿಡಿದುಕೊಂಡು, "ಇಲ್ಲಕ್ಕ, ಬರ್ತಾರೆ, ಇರು," ಅಂದೆ.