ಪಟ್ಟಿ ತಿದ್ದುವ ವೀಕ್ಷಾ

ವಂಶದಲ್ಲೇ ಮೊದಲು ಕಾಲೇಜಿಗೆ ಅರ್ಜಿ ಹಾಕುವ ಹುಡುಗಿ ಕುರ್ಚಿಯಲ್ಲಿ ಪೂರ್ತಿ ಕೂರುವುದಿಲ್ಲ, ಅಂಚಿನಲ್ಲಿ ಕೂರುತ್ತಾಳೆ. ನಮ್ಮ ಮೈಲಾಪೂರ್ ವಠಾರದ ವೀಕ್ಷಾ ಹಾಗೇ. ಬೇಕಾದ ಕಾಲೇಜುಗಳನ್ನು ಸಾಲಾಗಿ ಬರೆದು ನಾಳೆ ಸಂಜೆಯೊಳಗೆ ಕಳಿಸಬೇಕಂತೆ. ಮೇಲಿದ್ದದ್ದನ್ನೇ ಮೊದಲು ನೋಡಿ ಸೀಟು ಕೊಡುತ್ತಾರಂತೆ. ಫೋನಿಗೆ ಸಿಗ್ನಲ್ ಸಿಗುವುದು ನನ್ನ ಜಗಲಿಯಲ್ಲೇ ಎಂದು ಗಳಿಗೆಗೊಮ್ಮೆ ಬಂದು ಪಟ್ಟಿ ತಿದ್ದುತ್ತಾಳೆ. ಹಾಲಿನವನು ಹೊಗಳಿದರೆ ಒಂದು ಕಾಲೇಜು ಮೇಲೇರುತ್ತದೆ, ಇಸ್ತ್ರಿಯವನು ಮುಖ ಸಿಂಡರಿಸಿದರೆ ಇಳಿಯುತ್ತದೆ. ಹೋಟೆಲಿನಲ್ಲಿ ದೋಸೆ ಹುಯ್ಯುವ ಅವಳ ಅಪ್ಪ ಬಾಬುವಿನ ಲೆಕ್ಕವೇ ಬೇರೆ: "ಆ ಕಾಲೇಜಿನ್ ಮಕ್ಳ್ ಅರ್ಧ ದೋಸೆ ಪ್ಲೇಟಗೇ ಬಿಡ್ತ್ರ್ ಮಗಾ, ಅದ್ ಬ್ಯಾಡ." ಅದೂ ಇಳಿಯಿತು. "ಸ್ವಲ್ಪ ಕೂತ್ಕೊಳ್ಳೇ" ಅಂದರೆ, "ಇರುಂಗ ಪಾಟ್ಟಿ, ತಾಳಿ, ಟೆನ್ಷನ್ ಆಗ್ತಿದೆ" ಎಂದು ಈ ಅಜ್ಜಿಗೆ ತಮಿಳು ಬೆರೆಸಿ ಹೇಳಿ ಎದ್ದು, ಮೆಟ್ಟಿಲಿಳಿದು, ಮತ್ತೆ ಹತ್ತಿ ಬರುತ್ತಾಳೆ. ನನಗೆ ಇಂಗ್ಲಿಷ್ ಓದಲು ಬಾರದು, ಬೆರಳು ಓಡುವುದು ಮಾತ್ರ ಕಾಣುತ್ತದೆ. ಎರಡನೆಯ ಸಾಲಿನಿಂದ ಕೆಳಕ್ಕೆ ಎಲ್ಲವೂ ದಿನಕ್ಕೆ ಇಪ್ಪತ್ತು ಸಲ ಜಾಗ ಬದಲಿಸುತ್ತವೆ. ಮೊದಲ ಸಾಲನ್ನು ಆ ಬೆರಳು ಈ ವಾರದಲ್ಲಿ ಒಮ್ಮೆಯೂ ಮುಟ್ಟಿಲ್ಲ. "ಮೇಲಿರೋದು ಯಾವುದೇ?" ಎಂದು ಕೇಳಿದೆ. ಅವಳು ಅಂಗೈಯಿಂದ ಫೋನು ಮುಚ್ಚಿದಳು. "ಕೊಯಮತ್ತೂರು, ಪಾಟ್ಟಿ. ಹಾಸ್ಟೆಲ್ಲಲ್ಲಿ ಇರ್ಬೇಕು. ಅಪ್ಪಂಗೆ ಹೇಳ್ಬೇಡಿ, ಈಗ್ಲೇ ಅಳೋಕೆ ಶುರು ಮಾಡ್ತಾರೆ. ಸೀಟ್ ಸಿಕ್ಕಿದ್ಮೇಲೆ ಅಳ್ಲಿ."