ಅತ್ತೆಯ ಬರಿ ಹಣೆ

ಗಂಡ ಕಣ್ಣೆದುರಿಗಿದ್ದೂ ನಮ್ಮ ಅತ್ತೆ ಮೂರು ವರ್ಷ ಕುಂಕುಮವಿಲ್ಲದೆ ಓಡಾಡಿದ್ದು ನನ್ನಿಂದ. ಸುಳ್ಳು ಹೇಳಿದೆ ಎನ್ನಲೂ ಆಗದು — ಬಾಯಿ ಬಿಡಲಿಲ್ಲ, ಅಷ್ಟೇ. ಅಷ್ಟೇ ಸಾಕಾಯಿತು.

ವಿಜಯಪುರದ ಕಡೆಯಿಂದ ನಾಸಿಕ್‌ಗೆ ಬಂದಾಗಿನಿಂದ ಅತ್ತೆ ಪಂಚವಟಿಯ ಬಿಸಿಲಲ್ಲಿ ಕೂತು ಹೂ ಮಾರುತ್ತಾರೆ. ಕೆನ್ನೆಯ ಮೇಲೆ ಬಂಗಿನ ಕಪ್ಪು ಕಲೆ ಹರಡಿತ್ತು. ಚರ್ಮದ ಡಾಕ್ಟರು ಸನ್‌ಸ್ಕ್ರೀನ್ ಬರೆದುಕೊಟ್ಟರು. "ಕೆಮಿಕಲ್ ನನ್ನ ಮಾರಿಗೆ ಬ್ಯಾಡ. ನನ್ನ ಗಂಧ ಐತಲ್ಲ" ಎಂದು ಅತ್ತೆ ಟ್ಯೂಬನ್ನು ನನ್ನ ಕೈಗೆ ತುರುಕಿದರು. ಬಿಎಸ್ಸಿ ಓದಿದ ಸೊಸೆಗೆ ಬುದ್ಧಿ ಜಾಸ್ತಿ ನೋಡಿ — ಅವರು ಹಣೆ-ಕೆನ್ನೆಗೆ ಹಚ್ಚಲು ತೇಯ್ದಿಟ್ಟ ಗಂಧದಲ್ಲೇ ದಿನಾ ಗುಟ್ಟಾಗಿ ಆ ಕ್ರೀಮು ಕಲಸತೊಡಗಿದೆ. ಹಾಗೆ ಕಲಸಿದರೆ ಅದು ಬಿಸಿಲನ್ನು ಸರಿಯಾಗಿ ತಡೆಯುವುದಿಲ್ಲ ಎಂಬುದೂ ಆ ಬುದ್ಧಿವಂತೆಗೆ ಗೊತ್ತಿರಲಿಲ್ಲ.

ಕೆಲವೇ ದಿನಗಳಲ್ಲಿ ಅತ್ತೆಯ ಹಣೆ, ಕೆನ್ನೆ ತುರಿಸಿ ಕೆಂಪಾದವು. ಕ್ರೀಮು ಹಚ್ಚುತ್ತೀರಾ ಎಂದು ಡಾಕ್ಟರು ಕೇಳಿದರು. "ಮುಟ್ಟೇ ಇಲ್ರಿ" ಎಂದರು ಅತ್ತೆ. ನಾನು ಪಕ್ಕದಲ್ಲಿ ಕೂತು ಫ್ಯಾನು ನೋಡುತ್ತಿದ್ದೆ. ಹಾಗಾದರೆ ಕುಂಕುಮದ್ದೇ ಅಲರ್ಜಿ ಇರಬೇಕು, ಬೆವರಿಗೆ ಕೆನ್ನೆಗೂ ಇಳಿದಿರಬಹುದು; ಇನ್ನು ಕುಂಕುಮವೂ ಬೇಡ, ಅಂಟಿನ ಟಿಕಳಿ-ಬಿಂದಿಯೂ ಬೇಡ ಎಂದರು ಡಾಕ್ಟರು. ಅಂದಿನಿಂದ ನಾನೂ ಕಲಸುವುದನ್ನು ನಿಲ್ಲಿಸಿದೆ. ತುರಿಕೆ ಹೋಯಿತು — ಕುಂಕುಮದ್ದೇ ತಪ್ಪೆಂದು ಎಲ್ಲರೂ ನಂಬಿದರು. ನಂಬಲಿ ಎಂದು ನಾನೂ ಸುಮ್ಮನಿದ್ದೆ...

ಈ ಸಂಕ್ರಾಂತಿಯ ಹಳದಿ-ಕುಂಕುವಿನಲ್ಲಿ, ಅಂದರೆ ಇಲ್ಲಿಯ ಮುತ್ತೈದೆಯರ ಅರಿಸಿನ-ಕುಂಕುಮದಲ್ಲಿ, ಹೊಸದಾಗಿ ಬಂದ ನೆರೆಯವಳೊಬ್ಬಳು ಅತ್ತೆಯನ್ನು ದಾಟಿ ನನ್ನ ಹಣೆಗೆ ಕುಂಕುಮ ಹಚ್ಚಲು ಬಂದಳು. ಅತ್ತೆಯನ್ನು ವಿಧವೆ ಎಂದುಕೊಂಡಿದ್ದಳು. ಅತ್ತೆ ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ತಪ್ಪು ಕುಂಕುಮದ್ದಲ್ಲರಿ. ನಿಮ್ಮ ಗಂಧದಾಗ ನಾನೇ ಆ ಕ್ರೀಮ್ ಕಲಸ್ತಿದ್ದೆ."

ಅದನ್ನೇ ಎಲ್ಲರಿಗೂ ತಿಳಿಯುವಂತೆ ಮರಾಠಿಯಲ್ಲೂ ಹೇಳಿದೆ. ನಾಚಿಕೆಯಿಂದ ಸತ್ತಂತಾಯಿತು, ಆದರೂ — ಎಷ್ಟು ಹಗುರಾದೆ!

ಮರುದಿನ ಡಾಕ್ಟರಿಗೂ ಹೇಳಿದೆ. ಅವರು ಚರ್ಮದ ಪರೀಕ್ಷೆ ಮಾಡಿಸಿದರು. ಆ ಕ್ರೀಮಿನಲ್ಲಿರುವ, ಬಿಸಿಲು ತಡೆಯುವ ಒಂದು ರಾಸಾಯನಿಕ ಅತ್ತೆಗೆ ಆಗಿಬರುವುದಿಲ್ಲವಂತೆ. ಬಹಳ ಮಂದಿಗೆ ಅದರಿಂದ ಏನೂ ತೊಂದರೆಯಿಲ್ಲ, ಇವರ ಮೈಗೆ ಮಾತ್ರ ಒಗ್ಗದು. ಅದಿಲ್ಲದ ಬೇರೆ ಕ್ರೀಮು ಬರೆದುಕೊಟ್ಟರು.

ಮನೆಗೆ ಬಂದು ಅತ್ತೆ ಕಾಸಿನಗಲ ಕುಂಕುಮ ಇಟ್ಟುಕೊಂಡರು. ಆಮೇಲೆ ಹೊಸ ಟ್ಯೂಬು ಹಿಡಿದು, "ಇದು ಬಿಸಲಿಗೆ ಏನ್ ಮಾಡತೈತಿ, ತಿಳಿಸಿ ಹೇಳು" ಎಂದರು. ಮೊದಲ ಬಾರಿಗೆ ಎದುರು ಕೂತು ಹೇಳಿದೆ — ಸುಡುವ ಕಿರಣಗಳನ್ನು ಇದು ತಾನೇ ಹೀರಿಕೊಳ್ಳುತ್ತದೆ, ಚರ್ಮಕ್ಕೆ ತಾಗಲು ಬಿಡುವುದಿಲ್ಲ ಎಂದು.

"ಇಷ್ಟೇ ಏನು? ಆವಾಗ್ಲೇ ಹೇಳಿದ್ರ ಹಚ್ಕೋತಿದ್ನಲ್ಲ" ಎಂದರು ಅತ್ತೆ.

ಹೌದು. ಆಗಲೇ ಹೇಳಬಹುದಿತ್ತು.