ಪ್ರಧಾನಿಯ ಫೋಟೊಗೆ ಗಂಧದ ಹಾರ

ಅಮೆರಿಕದ ಲೆಮಾಂಟಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಎಸ್ಟೋನಿಯಾದವರು, ತೊಂಬತ್ತು ದಾಟಿದ ಒಂಟಿ ಹೆಂಗಸು. ಭಾನುವಾರ ಮಧ್ಯಾಹ್ನ ನನ್ನನ್ನು ಕಾಫಿಗೆ ಕರೆಯುತ್ತಿದ್ದರು. ಇರುವುದು ನಾವಿಬ್ಬರೇ ಆದರೂ ಮೂರು ಕಪ್‌ಗೆ ಕಾಫಿ ಬಗ್ಗಿಸುತ್ತಿದ್ದರು. ಮೂರನೆಯದು ಗೋಡೆಯ ಫೋಟೊದಲ್ಲಿದ್ದ ಅವರ ಅಪ್ಪನಿಗೆ. ನಾನು ಹೊರಡುವಷ್ಟರಲ್ಲಿ ಆ ಕಪ್ಪೂ ಖಾಲಿಯಾಗಿರುತ್ತಿತ್ತು. ಆಕೆ ಅದನ್ನು ಕುಡಿದದ್ದನ್ನು ಮಾತ್ರ ನಾನು ಒಮ್ಮೆಯೂ ಕಂಡಿಲ್ಲ.

ಅಪ್ಪನ ಕಥೆಯನ್ನು ಪ್ರತಿ ವಾರ ಅವವೇ ಮಾತುಗಳಲ್ಲಿ ಹೇಳುತ್ತಿದ್ದರು. ಮೊದಲು ಮೇಷ್ಟ್ರು, ಆಮೇಲೆ ಮಂತ್ರಿ, ಕೊನೆಗೆ ದೇಶದ ಪ್ರಧಾನಿ. ಸೋವಿಯತ್ ಸೈನ್ಯ ಬಂದಾಗ ವಿಚಾರಣೆಗೆಂದು ಕರೆದರು, ಅಪ್ಪ ಹ್ಯಾಟ್ ಹಾಕಿಕೊಂಡು ಹೋದರು. ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಇನ್ನು ನನ್ನ ಅಧಿಕಪ್ರಸಂಗ ಕೇಳಿ. ಮೈಸೂರಿಗೆ ಹೋದವಳು ಒಂದು ಗಂಧದ ಹಾರ ತಂದೆ. ನಮ್ಮ ಮನೆಯಲ್ಲಿ ನನ್ನಪ್ಪನ ಫೋಟೊಗೂ ಅಂಥದೇ ಹಾರವಿದೆ. ತೀರಿಕೊಂಡವರಿಗೆ ಹಾಕುತ್ತೇವೆಂದು ಆಕೆಗೆ ನಾನೇ ಹೇಳಿದ್ದೆ. ಆಕೆ ಅಡುಗೆಮನೆಯಲ್ಲಿದ್ದಾಗ ಪ್ರಧಾನಿಯ ಫೋಟೊಗೆ ಹಾರ ಹಾಕಿ, ಖುಷಿಪಡುತ್ತಾರೆಂದು ಕಾದು ನಿಂತೆ.

ಕಾಫಿ ತಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಯಾವಾಗ?" ಎಂದರು. "ನಿಂಗ್ಯಾರು ಹೇಳಿದ್ರು? ಎಲ್ಲಿ ಮಣ್ಣು ಮಾಡಿದ್ರಂತೆ?"

ಅವರಪ್ಪ ಬದುಕಿದ್ದರೆ ನೂರಮೂವತ್ತು ವರ್ಷವಾಗುತ್ತಿತ್ತು ಎಂದಷ್ಟೇ ನಾನು ಲೆಕ್ಕ ಹಾಕಿದ್ದೆ. ಹಾರ ತೆಗೆಯಲು ಕೈ ಎತ್ತಿದೆ.

"ಬೇಡ, ಇರಲಿ. ಇಷ್ಟು ವರ್ಷ ಯಾರೂ ಸುದ್ದಿ ತಂದಿರ್ಲಿಲ್ಲ."

ಎಂದಿನಂತೆ ಮೂರು ಕಪ್‌ಗೂ ಕಾಫಿ ಬಗ್ಗಿಸಿದರು. ಅವತ್ತು ಕಥೆ ಹೇಳಲಿಲ್ಲ. ನಾನು ಹೊರಟಾಗ, ಮೊದಲ ಬಾರಿಗೆ, ಮೂರನೆಯ ಕಪ್ ತುಂಬಿದ ಹಾಗೇ ಇತ್ತು.